ಬರೀ ಸದ್ದು ಮಾಡುವ ಪಿಸ್ತೂಲು

ಮಸ್ಕತ್ತಿನ ಕಾರ್ಗೋ ಕಚೇರಿಯ ಆ ಕೋಣೆಯಲ್ಲಿ ಎಸಿ ಎಷ್ಟು ಜೋರಾಗಿತ್ತೆಂದರೆ ಶಿವಶರಣನಿಗೆ ಮೊದಲು ಸಿಟ್ಟು ಬಂದದ್ದು ಅದರ ಮೇಲೆಯೇ. ಅಕ್ಟೋಬರ್ ಮುಗಿಯುತ್ತ ಬಂದರೂ ಹೊರಗೆ ಕಣ್ಣು ಬಿಡಲಾಗದ ಬಿಸಿಲು, ಒಳಗೆ ಹಲ್ಲು ಕಟಕಟಿಸುವ ಚಳಿ. ಇವೆರಡರ ನಡುವೆ ಮನುಷ್ಯ ಬದುಕಬಹುದಾದ ಹವೆಯೊಂದು ಇದೆಯೆಂಬುದನ್ನೇ ಈ ಊರಿನವರು ಮರೆತುಬಿಟ್ಟಿದ್ದಾರೆ ಎಂದುಕೊಂಡ. ಗೋಡೆಯ ಪರದೆಯ ಮೇಲೆ ಟೋಕನ್ ಸಂಖ್ಯೆಗಳು ಬದಲಾಗುತ್ತಲೇ ಇದ್ದವು, ಅವನದೊಂದನ್ನು ಬಿಟ್ಟು. ಅವನಿಗಿಂತ ಎಷ್ಟೋ ಹೊತ್ತಿನ ನಂತರ ಬಂದ ಪಾಕಿಸ್ತಾನಿ ಡ್ರೈವರೊಬ್ಬ ಕೆಲಸ ಮುಗಿಸಿ, ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಹೆಗಲಿಗೇರಿಸಿ, ಎಲ್ಲರಿಗೂ ಸಲಾಂ ಹೇಳಿ ಹೊರಟೇಹೋದ. ಕೌಂಟರಿನಲ್ಲಿದ್ದ ಹುಡುಗಿಯನ್ನು ಎರಡನೆಯ ಸಲ ಕೇಳಿದಾಗ ಅವಳು ನಗುತ್ತಲೇ, ನಿಮ್ಮದು ಬೇರೆ ಸರ್, ನಿಮ್ಮನ್ನು ಒಳಗೆ ಕರೆಯುತ್ತಾರೆ ಎಂದಿದ್ದಳು. ಬೇರೆ ಎಂದರೆ ಏನು? ಬರ್ಕಾದಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕದಲ್ಲಿ ಹಿರಿಯ ಎಂಜಿನಿಯರ್ ತಾನು, ಈ ದೇಶದಲ್ಲಿ ಕಾರು ಅಡ್ಡ ನಿಲ್ಲಿಸಿದ ದಂಡವನ್ನೂ ಕಟ್ಟಿದವನಲ್ಲ. ಅಷ್ಟರಲ್ಲಿ ಜೇಬಿನಲ್ಲಿ ಫೋನು ಗುಂಯ್ಗುಟ್ಟಿತು. ಪಾರ್ಸೆಲ್ ಕಳಿಸಿದ ಆನ್‌ಲೈನ್ ಕಂಪನಿಯ ಸಂದೇಶ: ನಿಮ್ಮ ಆರ್ಡರ್ ನಿಮ್ಮ ನಗರವನ್ನು ತಲುಪಿದೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ? ಫೋನನ್ನು ಎದುರಿನ ಗೋಡೆಗೆ ಎಸೆಯಬೇಕೆನಿಸಿ, ಅದನ್ನು ಮತ್ತೆ ಮೆಲ್ಲಗೆ ಜೇಬಿಗೆ ಸೇರಿಸಿದ.

ಪಾರ್ಸೆಲ್ಲಿನಲ್ಲಿದ್ದದ್ದು ಓಟದ ಸ್ಪರ್ಧೆ ಶುರುಮಾಡಲು ಹಾರಿಸುವ ಪಿಸ್ತೂಲು. ಅದಕ್ಕೆ ಗುಂಡಿಲ್ಲ, ನಳಿಗೆಯ ಬಾಯಿ ಮುಚ್ಚಿರುತ್ತದೆ, ಒಳಗೊಂದು ಪಟಾಕಿಯಂಥ ಕ್ಯಾಪು ಇಟ್ಟು ಕುದುರೆ ಎಳೆದರೆ ಢಮ್ ಎಂಬ ಸದ್ದು, ತುಸು ಹೊಗೆ, ಅಷ್ಟೆ. ಮಸ್ಕತ್ತಿನಲ್ಲಿರುವ ಉತ್ತರ ಕರ್ನಾಟಕದ ಕುಟುಂಬಗಳೆಲ್ಲ ಸೇರಿ ಪ್ರತಿ ಚಳಿಗಾಲ ಬೌಷರ್‌ನ ಮೈದಾನವೊಂದರಲ್ಲಿ ಆಟೋಟ ನಡೆಸುತ್ತಿದ್ದರು. ಲಿಂಬೆಹಣ್ಣು ಚಮಚ, ಗೋಣಿಚೀಲ, ಹೆಂಗಸರ ಕುರ್ಚಿಯಾಟ, ಕೊನೆಗೆ ಜೋಳದ ರೊಟ್ಟಿ ಎಣ್ಣೆಗಾಯಿ. ಈ ಸಲ ಆಟದ ಜವಾಬ್ದಾರಿ ಶಿವಶರಣನ ಮೇಲೆ ಬಿದ್ದಿತ್ತು. ಆ ಕೂಟದ ಅಧ್ಯಕ್ಷ ಸಚ್ಚಿದಾನಂದ ಹೋದ ವರ್ಷದಂತೆ ಸೀಟಿ ಊದಿದರಾಯಿತಲ್ಲ ಎಂದಾಗ, ಎಲ್ಲರೆದುರು ಇವನೇ ಎದ್ದು ನಿಂತು ಈ ಸಲ ಪಿಸ್ತೂಲು ಹಾರಿಸೋಣ ಎಂದುಬಿಟ್ಟಿದ್ದ. ಯಾಕೆ ಅಂದನೋ ಅವನಿಗೂ ಗೊತ್ತಿರಲಿಲ್ಲ. ಗೊತ್ತಿತ್ತು. ಬಾಗಲಕೋಟೆಯ ತಾಲ್ಲೂಕು ಆಟದಲ್ಲಿ, ಬಿಳಿ ಪ್ಯಾಂಟು ತೊಟ್ಟ ಪೀಟಿ ಮಾಸ್ತರರು ಆಕಾಶಕ್ಕೆ ಕೈಯೆತ್ತಿ ನಿಂತಾಗ, ಸದ್ದು ಬರುವ ಮೊದಲೇ ಎರಡು ಸಲ ಓಡಿದವನು ತಾನು. ಎರಡನೆಯ ಸಲ ಮಾಸ್ತರರು ಕಿವಿ ಹಿಡಿದು ಗೆರೆಯಿಂದ ಆಚೆ ಎಳೆದು ನಿಲ್ಲಿಸಿದರು, ಆಮೇಲೆ ಢಮ್ ಎಂದಿತು, ಉಳಿದವರೆಲ್ಲ ಓಡಿದರು, ಅವನ ಮೂಗಿಗೆ ಮದ್ದಿನ ವಾಸನೆ ಮಾತ್ರ ಬಂತು. ಆ ವಾಸನೆ ಹಿತವಾಗಿತ್ತು ಎಂಬುದೇ ಅವಮಾನದ ಭಾಗವಾಗಿ ಉಳಿದುಬಿಟ್ಟಿತ್ತು. ಇದನ್ನೆಲ್ಲ ಸಚ್ಚಿದಾನಂದನಿಗೆ ಹೇಳಲಾಗುತ್ತದೆಯೆ? ಮಕ್ಕಳಿಗೆ ಶಿಸ್ತು ಬರಬೇಕ್ರೀ ಎಂದಷ್ಟೇ ಹೇಳಿದ್ದ.

ಹಾಗೆ ಹೇಳಿದ ಮರುದಿನ ಕೆಲಸದಿಂದ ಮರಳುವಾಗ ಅಲ್ ಮಬೇಲಾದಲ್ಲಿ ಹೆದ್ದಾರಿ ಬಿಟ್ಟು, ಟೈರ್ ಅಂಗಡಿಗಳ ಸಾಲು ದಾಟಿ, ಸಿರಿಲ್ ಕೆಲಸ ಮಾಡುವ ಆಟದ ಸಾಮಾನಿನ ಅಂಗಡಿಗೆ ಹೋಗಿದ್ದ. ಸಿರಿಲ್ ಉಡುಪಿ ಕಡೆಯವನು, ಆ ಅಂಗಡಿಯಲ್ಲೇ ತಲೆ ನರೆಸಿಕೊಂಡವನು. ಕನ್ನಡ ಮಾತಾಡುವವರು ಬಂದರೆ ಬೇರೆ ಗಿರಾಕಿಗಳನ್ನು ಕೌಂಟರಿನ ಹುಡುಗಿಗೆ ಬಿಟ್ಟು ತಾನೇ ಎದ್ದು ಬರುತ್ತಿದ್ದ. ಪಿಸ್ತೂಲಿನ ಮಾತು ಕೇಳಿ ಅವನು ತಲೆಯಾಡಿಸಿದ.

"ಅದು ಇಲ್ಲ ಸರ್. ಗನ್ನಿನ ಶೇಪಿನದ್ದು ಎಂತದೂ ಇಡುವುದಿಲ್ಲ ಈಗ ನಾವು. ಅರ್ಬಾಬ್ ಬೇಡ ಹೇಳಿದ್ದಾರೆ. ಮಕ್ಕಳ ನೀರಿನ ಪಿಸ್ತೂಲು ಕೂಡ ತೆಗೆದಾಯ್ತು."

ಅರ್ಬಾಬ್ ಎಂದರೆ ಅಂಗಡಿಯ ಯಜಮಾನ, ಹಕೀಂ ಎಂಬ ಒಮಾನಿ. ಯಾವುದೋ ಮಾಲ್‌ನಲ್ಲಿ ಯಾರದೋ ಮಗು ಆಟದ ಪಿಸ್ತೂಲು ಹಿಡಿದು ಓಡಾಡಿ ಜನ ಗಾಬರಿಯಾದರೆಂದು ಅವನು ಕೇಳಿದ್ದನಂತೆ. ಅಂದೇ ಕಪಾಟು ಖಾಲಿ ಮಾಡಿಸಿದನಂತೆ. ಮೀನು ಹೊಡೆಯುವ ಈಟಿಬಂದೂಕು ಕೂಡ ಇಲ್ಲ. ಅವು ಇದ್ದ ಜಾಗದಲ್ಲಿ ಈಗ ಬಣ್ಣಬಣ್ಣದ ನೀರಿನ ಬಾಟಲಿಗಳು ನಿಂತಿದ್ದವು. ಸಿರಿಲ್ ಅದರ ಬದಲು ಎರಡು ಹಲಗೆಗಳನ್ನು ಕೀಲಿನಿಂದ ಜೋಡಿಸಿದ ಸಾಧನವೊಂದನ್ನು ತಂದು ಫಟ್ಟೆಂದು ಬಡಿದು ತೋರಿಸಿದ. ಜೋಳದ ಹೊಲದಲ್ಲಿ ಗುಬ್ಬಿ ಓಡಿಸುವವನ ಹಾಗೆ ಕಂಡ. ಶಿವಶರಣನಿಗೆ ಅಲ್ಲಿದ್ದ ನೀರಿನ ಬಾಟಲಿಗಳನ್ನೆಲ್ಲ ಕೈಯಿಂದ ಸರಕ್ಕನೆ ಕೆಳಗೆ ಕೆಡವಬೇಕೆನಿಸಿತು. ಆಟದ ಸಾಮಾನಿನ ಅಂಗಡಿ ಅಂತ ಬೋರ್ಡು ಹಾಕೀರಿ, ಇದು ಆಟದ ಸಾಮಾನು ಅಲ್ಲೇನ್ರೀ ಎಂದು ತುಸು ಗಟ್ಟಿಯಾಗಿಯೇ ಕೇಳಿದ. ಆಗ ಸಿರಿಲ್ ಹಲಗೆಗಳನ್ನು ಮಡಿಸುತ್ತ, ಮುಖದ ನಗುವನ್ನು ಹಾಗೇ ಇಟ್ಟುಕೊಂಡು ಹೇಳಿದ: "ನಿಮ್ಗೆ ಆನ್‌ಲೈನ್‌ನಲ್ಲಿ ಎಲ್ಲ ಸಿಗ್ತದಲ್ಲ ಸರ್. ಅಲ್ಲಿಂದಲೇ ತರಿಸಿ."

ಅಲ್ಲಿಗೆ ತಾಗಿತು ಅದು, ಎಲ್ಲಿಗೆ ತಾಗಬೇಕೋ ಅಲ್ಲಿಗೆ. ಹಿಂದಿನ ವರ್ಷ ಮಗಳು ಐಶ್ವರ್ಯಾಳನ್ನು ಕರೆದುಕೊಂಡು ಶೂ ನೋಡಲು ಬಂದಿದ್ದ. ಸಿರಿಲ್ ನೆಲದ ಮೇಲೆ ಮಂಡಿಯೂರಿ ಕೂತು ಜೋಡಿಯ ಮೇಲೆ ಜೋಡಿ ತೊಡಿಸಿ, ದಾರ ಕಟ್ಟಿ, ಅವಳನ್ನು ಅಂಗಡಿಯುದ್ದಕ್ಕೂ ಓಡಾಡಿಸಿದ್ದ. ವಿಚಾರ ಮಾಡಿ ಬರ್ತೀವಿ ಎಂದು ಹೊರಬಿದ್ದು, ಕಾರಿನಲ್ಲಿ ಕೂತು ಎಸಿ ಹಾಕಿ, ಅದೇ ಶೂವನ್ನು ಅದೇ ಅಳತೆಯಲ್ಲಿ ಫೋನಿನಲ್ಲಿ ಆರ್ಡರ್ ಮಾಡಿದ್ದ. ಗಾಜಿನಾಚೆ ಸಿರಿಲ್ ಇನ್ನೂ ಮಂಡಿಯ ಮೇಲೆಯೇ ಕೂತು ಪೆಟ್ಟಿಗೆಗಳಿಗೆ ಮುಚ್ಚಳ ಹಾಕುತ್ತಿದ್ದುದು ಕಾಣುತ್ತಿತ್ತು. ಎಲ್ಲರೂ ಮಾಡುವುದೇ ಅಲ್ಲವೆ? ಆಮೇಲೊಂದು ಸಂಜೆ ಐಶ್ವರ್ಯಾ, ಅಪ್ಪ ಬೇಡಬೇಡ ಎಂದರೂ ಕೇಳದೆ, ಕಾಲುಚೀಲ ಬೇಕೆಂದು ಅದೇ ಶೂ ಹಾಕಿಕೊಂಡೇ ಆ ಅಂಗಡಿಯೊಳಗೆ ನಡೆದಳು. ಸಿರಿಲ್ ಅವಳ ಕಾಲು ನೋಡಿದ. ಚಂದ ಉಂಟು ಶೂ ಎಂದ. ಕಾಲುಚೀಲದ ಕಟ್ಟು ತೆಗೆದು ಕೊಟ್ಟ. ಅಂದಿನಿಂದ ಶಿವಶರಣನಿಗೆ ಆ ಮನುಷ್ಯನ ನಗುವಿನ ಹಿಂದೆ ತನ್ನ ಬಗ್ಗೆ ಒಂದು ತೀರ್ಮಾನ ಕೂತಿದೆ ಎಂದು ಅನ್ನಿಸತೊಡಗಿತ್ತು. ತರಿಸಿಯೇ ತೋರಿಸುತ್ತೇನೆ ಎಂಬ ಹಟದಲ್ಲಿ ಅಂದು ಮನೆಗೆ ಹೋದವನು ಊಟಕ್ಕೂ ಮೊದಲು ಪಿಸ್ತೂಲನ್ನು ಆರ್ಡರ್ ಮಾಡಿದ್ದ. ನಿಮ್ಮ ದೇಶದ ಕಾಯಿದೆ ಪರಿಶೀಲಿಸಿದ್ದೀರಾ ಎಂಬ ಪ್ರಶ್ನೆ ಪರದೆಯ ಮೇಲೆ ಬಂದಾಗ, ಹೌದು ಎಂಬ ಚೌಕದಲ್ಲಿ ಗುರುತು ಒತ್ತಿದ್ದ. ಇಂಥ ಚೌಕಗಳನ್ನು ಯಾರಾದರೂ ಓದುತ್ತಾರೆಯೆ?

ಓದುತ್ತಾರೆ ಎಂದು ಈಗ ತಿಳಿಯಿತು. ಕಾರ್ಗೋ ಕಚೇರಿಯ ಒಳಗಿನ ಕೋಣೆಯಲ್ಲಿ ಕೂತಿದ್ದ ಕಸ್ಟಮ್ಸ್ ಅಧಿಕಾರಿ ತೀರಾ ಎಳೆಯ ವಯಸ್ಸಿನವನು, ಅತಿ ವಿನಯದವನು. ಅವನು ಗದರಿದ್ದರೆ ಎಷ್ಟೋ ಚೆನ್ನಾಗಿತ್ತು. ನೀರು ಬೇಕೇ ಎಂದು ಕೇಳಿದ. ಮೇಜಿನ ಮೇಲೆ, ಬಿಚ್ಚಿದ ಪೆಟ್ಟಿಗೆಯಲ್ಲಿ, ಕಪ್ಪಗೆ, ನಿಜವಾದದ್ದೇ ಎನ್ನುವ ಹಾಗೆ ಅದು ಮಲಗಿತ್ತು. ಚಿತ್ರದಲ್ಲಿ ಅದು ಇಷ್ಟು ನಿಜವಾಗಿ ಕಂಡಿರಲಿಲ್ಲ. ಇದೇನು ಎಂದು ಅಧಿಕಾರಿ ಕೇಳಿದ. ಓನ್ಲಿ ಸೌಂಡ್ ಎಂದ ಶಿವಶರಣ. ಹೇಗೆ ಎಂದ ಅಧಿಕಾರಿ. ಅವನಿಗೆ ಅರ್ಥವಾಗಲಿಲ್ಲವೆಂದು ತಿಳಿದು ಶಿವಶರಣ ಎದ್ದು ನಿಂತು, ಬರಿಗೈಯನ್ನು ಮೇಲೆತ್ತಿ, ಬೆರಳು ಚಾಚಿ, ಬಾಯಿಂದ ಢಮ್ ಎಂದ. ಆಮೇಲೆ ಓಡುವವರು ಹೇಗೆ ಬಗ್ಗಿ ನಿಂತಿರುತ್ತಾರೆ ಎಂದೂ ತುಸು ಬಗ್ಗಿ ತೋರಿಸಿದ. ಬಾಗಿಲ ಬಳಿ ನಿಂತಿದ್ದ ಇನ್ನೊಬ್ಬ ಸಿಬ್ಬಂದಿ ಮುಖ ಆಚೆ ತಿರುಗಿಸಿದ್ದು ಕಣ್ಣಂಚಿನಲ್ಲಿ ಕಂಡಿತು. ತನ್ನ ಹೊಟ್ಟೆ ಬೆಲ್ಟಿನ ಮೇಲೆ ಜೋತುಬಿದ್ದದ್ದು, ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ತೂಗಿದ್ದು, ಎಲ್ಲ ಒಟ್ಟಿಗೇ ಅವನ ಅರಿವಿಗೆ ಬಂತು. ಕೂತುಕೊಳ್ಳಿ ಸರ್ ಎಂದ ಅಧಿಕಾರಿ. ಇಂಥ ವಸ್ತು ತರಿಸಲು ಮುಂಚಿತ ಅನುಮತಿ ಬೇಕು, ಇದನ್ನು ಬಿಡಲಾಗುವುದಿಲ್ಲ, ನೀವು ಬಿಟ್ಟುಕೊಡುತ್ತೇನೆಂದು ಸಹಿ ಮಾಡಿದರೆ ಸದ್ಯಕ್ಕೆ ಇಲ್ಲಿಗೇ ಮುಗಿಯುತ್ತದೆ ಎಂದು ವಿವರಿಸಿದ. ನಿಮ್ಮ ಕಂಪನಿಗೆ ತಿಳಿಸುವ ಅಗತ್ಯವಿದೆಯೋ ಇಲ್ಲವೋ ನೋಡಬೇಕು ಎಂದೂ ಸೇರಿಸಿದ. ಕಂಪನಿ ಎಂದೊಡನೆ ಶಿವಶರಣ ಕೊರಳಿನ ಗುರುತಿನ ಚೀಟಿಯನ್ನು ಅಂಗಿಯೊಳಗೆ ತೂರಿಸಿದ. ಆ ಹೊತ್ತಿಗೇ ಅಧಿಕಾರಿ ತಲೆಯೆತ್ತದೆ, ಸುಮ್ಮನೆ ಪದ್ಧತಿಗೆಂಬಂತೆ ಕೇಳಿದ: ಇದನ್ನು ಹೀಗೆ ತರಿಸಬಹುದು ಅಂತ ನಿಮಗೆ ಯಾರಾದರೂ ಹೇಳಿದರೇ?

ಅಲ್ ಮಬೇಲಾದ ಆಟದ ಸಾಮಾನಿನ ಅಂಗಡಿಯವರು ಎಂದ ಶಿವಶರಣ. ಅಲ್ಲಿನ ಸೇಲ್ಸ್‌ಮನ್, ಆನ್‌ಲೈನ್‌ನಿಂದ ತರಿಸಿ ಅಂತ ಹೇಳಿದ. ಅಧಿಕಾರಿ ಅಂಗಡಿಯ ಹೆಸರು ಕೇಳಿದ, ಹೇಳಿದ. ಸೇಲ್ಸ್‌ಮನ್ ಹೆಸರು ಕೇಳಿದ, ಅದನ್ನೂ ಹೇಳಿದ. ಅದರಲ್ಲಿ ಒಂದು ಶಬ್ದವೂ ಸುಳ್ಳಿರಲಿಲ್ಲ. ಎಲ್ಲ ಸೇರಿ ಸುಳ್ಳು ಎಂಬುದು ಹೇಳುವಾಗಲೇ ಅವನಿಗೆ ತಿಳಿದಿತ್ತು. ಸಹಿ ಮಾಡಿ ಹೊರಬಂದು, ಕಾದು ಕೆಂಡವಾದ ಕಾರಿನ ಸೀಟಿನಲ್ಲಿ ಕೂತಾಗ ಮೊದಲು ಬಂದದ್ದು ನಿರಾಳ, ಗಟ್ಟಿಯಾಗಿ ಉಸಿರುಬಿಟ್ಟ. ಬೌಷರ್‌ನ ತಿರುವು ಬರುವ ಹೊತ್ತಿಗೆ ಆ ನಿರಾಳದ ಮೇಲೇ ಅಸಹ್ಯವಾಯಿತು. ಮುಂದೆ ಹೋಗುತ್ತಿದ್ದ ನೀರಿನ ಟ್ಯಾಂಕರಿನವನಿಗೆ ಕಾರಣವಿಲ್ಲದೆ ಹಾರ್ನ್ ಹೊಡೆದ.

ಮನೆಯ ಬಾಗಿಲಲ್ಲಿ ಎಂದಿನಂತೆ ರಟ್ಟಿನ ಪೆಟ್ಟಿಗೆಗಳು ಬಿದ್ದಿದ್ದವು. ಹೆಂಡತಿ ಶುಭಾ ಶಾಂಪೂವಿನಿಂದ ಹಿಡಿದು ಕುಕ್ಕರಿನ ಗ್ಯಾಸ್ಕೆಟ್‌ವರೆಗೆ ಎಲ್ಲ ಹಾಗೆಯೇ ತರಿಸುತ್ತಿದ್ದಳು. ಪಿಸ್ತೂಲು ಸಿಗಲಿಲ್ಲವೆಂದಷ್ಟೇ ಅವಳಿಗೆ ಹೇಳಿದ. ಬಿಡ್ರಿ, ಒಳ್ಳೇದಾತು ಎಂದು ಅವಳು ಕುಕ್ಕರ್ ಇಟ್ಟಳು. ಆ ವಾರವೆಲ್ಲ ಅವನು ಬರ್ಕಾದಿಂದ ಬರುವಾಗ ಮಬೇಲಾದ ತಿರುವು ಬಂದೊಡನೆ ವೇಗದ ವಾಹನಗಳ ಎಡಸಾಲಿಗೆ ಸರಿದು ವೇಗ ಹೆಚ್ಚಿಸುತ್ತಿದ್ದ. ಘಟಕದಲ್ಲಿ ಒತ್ತಡ ಅಳೆಯುವ ಮಾಪಕಗಳ ಮುಂದೆ ನಿಂತಾಗ, ಕಂಪನಿಯ ಆಫೀಸಿನಿಂದ ಫೋನು ಬಂದೀತೆಂದು ಕಾಯುತ್ತಿದ್ದ, ಬರಲಿಲ್ಲ. ಅಂಗಡಿಗೆ ಯಾರೂ ಹೋಗಿರಲಿಕ್ಕಿಲ್ಲ, ಆ ಹುಡುಗ ಬರೆದುಕೊಂಡದ್ದು ಯಾವುದೋ ಕಡತದಲ್ಲಿ ಸೇರಿರುತ್ತದೆ, ಸಿರಿಲ್ ಹೇಳಿದ್ದಂತೂ ನಿಜ, ಹೇಳುವವರು ವಿಚಾರ ಮಾಡಿ ಹೇಳಬೇಕು, ಗಿರಾಕಿಯನ್ನು ಚುಚ್ಚುವುದು ಯಾವ ವ್ಯಾಪಾರ, ಹೀಗೆ ತನ್ನೊಡನೆ ವಾದಿಸುತ್ತ, ಪ್ರತಿ ವಾದದಲ್ಲೂ ಗೆದ್ದು, ಗೆದ್ದಷ್ಟೂ ರೇಗುತ್ತ, ಕೊನೆಗೊಂದು ಸಂಜೆ ತಡೆಯಲಾರದೆ ಮಬೇಲಾದಲ್ಲಿ ಇಳಿದ.

ಅಂಗಡಿಯಲ್ಲಿ ಸಿರಿಲ್ ಇರಲಿಲ್ಲ. ಕೌಂಟರಿನಲ್ಲಿ ಶೆರ್ಲಿನ್ ಎಂಬ ಹುಡುಗಿ ಒಬ್ಬಳೇ ಇದ್ದಳು, ಅವಳೂ ಮಂಗಳೂರಿನ ಕಡೆಯವಳು. ಬೇಕಿಲ್ಲದ ಒಂದು ಟೆನಿಸ್ ಚೆಂಡನ್ನು ಕೈಯಲ್ಲಿ ಹಿಡಿದು, ಸಿರಿಲ್ ಎಲ್ಲಿ ಎಂದು ಆದಷ್ಟು ಸಹಜವಾಗಿ ಕೇಳಿದ. ಅರ್ಬಾಬ್ ಕರೆದಿದ್ದಾರೆ, ಮೇಲೆ ಹೋಗಿದ್ದಾರೆ ಎಂದಳು. ಆಮೇಲೆ ಕನ್ನಡದ ಮನುಷ್ಯನೆಂಬ ಸಲಿಗೆಯಿಂದಲೋ, ಹೇಳದೆ ಇರಲಾರದೆಯೋ ಹೇಳಿದಳು. ತಪಾಸಣೆಗೆ ಇಬ್ಬರು ಬಂದಿದ್ದರು, ಹಿಂದಿನ ಗೋದಾಮನ್ನೆಲ್ಲ ನೋಡಿದರು, ಏನೂ ಸಿಗಲಿಲ್ಲ, ಮರ್ಯಾದೆಯಿಂದಲೇ ಮಾತಾಡಿ ಹೋದರು. ಆದರೆ ಹೋಗುವ ಮುಂಚೆ ಸಿರಿಲ್ ಅಂಕಲ್‌ಗೆ ಒಂದು ಮಾತು ಕೇಳಿದರು, ಯಾರೋ ಗಿರಾಕಿಗೆ ಪಿಸ್ತೂಲು ತರಿಸಲು ನೀನು ಹೇಳಿದ್ದು ಹೌದಾ ಎಂದು.

"ಹೌದು, ನಾನೇ ಹೇಳಿದ್ದು, ಅವರದ್ದು ಎಂತ ತಪ್ಪಿಲ್ಲ ಅಂದ್ರು ಅಂಕಲ್. ಯಾವ ಸೈಟು ಅಂತ ಕೂಡ ನಾನೇ ತೋರಿಸಿದ್ದು ಅಂದ್ರು. ಅಂಕಲ್‌ಗೆ ಫೋನಿನಲ್ಲಿ ಸರಿ ಮೆಸೇಜ್ ಮಾಡ್ಲಿಕ್ಕೆ ಸಹ ಬರುವುದಿಲ್ಲ ಸರ್." ಅವಳು ಬಾಗಿಲ ಕಡೆ ಒಮ್ಮೆ ನೋಡಿ ಸೇರಿಸಿದಳು: "ವೀಸಾ ರಿನ್ಯೂವಲ್ ಉಂಟು ಅವ್ರದ್ದು. ಅರ್ಬಾಬ್ ಇನ್ನೂ ಸೈನ್ ಹಾಕ್ಲಿಲ್ಲ."

ಶಿವಶರಣ ಚೆಂಡನ್ನು ಬುಟ್ಟಿಯಲ್ಲಿ ಹಾಕಲು ಹೋದಾಗ ಗುರಿ ತಪ್ಪಿತು. ಅದು ನೆಲದ ಮೇಲೆ ಪುಟಿಯುತ್ತ ಶೂಗಳ ಸಾಲಿನ ಕೆಳಗೆ ಹೋಯಿತು. ಆ ಗಿರಾಕಿ ಯಾರೆಂದು ಅವಳಿಗೆ ಗೊತ್ತೋ ಇಲ್ಲವೋ ಅವಳ ಮುಖದಿಂದ ತಿಳಿಯಲಿಲ್ಲ. ಕೇಳುವ ಧೈರ್ಯವಾಗಲಿಲ್ಲ. ಕಾರಿಗೆ ಬಂದು ಕೂತ ಮೇಲೆ ಬಂದದ್ದು ಪಶ್ಚಾತ್ತಾಪವಲ್ಲ, ಕೋಪ. ಹಾಗೆ ಒಪ್ಪಿಕೊಳ್ಳೆಂದು ಈ ಸಿರಿಲ್‌ಗೆ ಯಾರು ಹೇಳಿದ್ದರು? ನಾನು ಹೇಳಿಲ್ಲ, ಅವನು ಸುಳ್ಳು ಹೇಳುತ್ತಿದ್ದಾನೆ ಎಂದಿದ್ದರೆ ಮುಗಿಯುತ್ತಿತ್ತು; ಇಬ್ಬರ ಮಾತು ಇಬ್ಬರ ಮೇಲೆ ಬಿದ್ದು ಅಲ್ಲಿಗಲ್ಲಿಗೆ ಸಮವಾಗುತ್ತಿತ್ತು. ಇವನು ದೊಡ್ಡವನಾಗಲು ಹೊರಟು ತನ್ನನ್ನು ಇಷ್ಟು ಸಣ್ಣವನನ್ನಾಗಿ ಮಾಡಿದ. ಹೀಗೆ ಯೋಚಿಸುತ್ತಿದ್ದೇನಲ್ಲ ಎಂದು ಮತ್ತೊಂದು ಸಿಟ್ಟು.

ಶುಕ್ರವಾರ ಆಟೋಟ ನಡೆಯಿತು. ಬೆಳಗಿನ ತಂಪಿನಲ್ಲಿ ಸುಣ್ಣದ ಗೆರೆ ಎಳೆದು, ಮಕ್ಕಳನ್ನು ನಿಲ್ಲಿಸಿ, ಸಚ್ಚಿದಾನಂದ ಅಧ್ಯಕ್ಷನ ಗತ್ತಿನಲ್ಲಿ ಸೀಟಿ ಊದಿದ. ಪಿಸ್ತೂಲು ಏನಾಯಿತೆಂದು ಒಬ್ಬರಾದರೂ ಕೇಳುತ್ತಾರೆಂದು ಶಿವಶರಣ ಉತ್ತರ ಸಿದ್ಧಮಾಡಿಕೊಂಡಿದ್ದ, ಒಬ್ಬರೂ ಕೇಳಲಿಲ್ಲ. ಐಶ್ವರ್ಯಾ ಮೂರನೆಯವಳಾಗಿ ಬಂದಳು, ಗೆದ್ದವಳ ಕೊರಳಿಗೆ ಜೋತುಬಿದ್ದು ನಕ್ಕಳು, ಆಮೇಲೆ ಎಲ್ಲರೂ ಪೇಪರ್ ತಟ್ಟೆ ಹಿಡಿದು ರೊಟ್ಟಿಯ ಸಾಲಿಗೆ ಓಡಿದರು. ಅವಳು ಒಬ್ಬಳೇ ಸಿಕ್ಕಾಗ, ಪಿಸ್ತೂಲಿನ ಸದ್ದು ಇದ್ದಿದ್ದರೆ ನೀನು ಇನ್ನೂ ಚಲೋ ಓಡುತ್ತಿದ್ದೆ ಎಂದು ಅವನು ಹೇಳಿಬಿಟ್ಟ. ಅವಳು ಎಣ್ಣೆಗಾಯಿಯ ಬೆರಳು ಚೀಪುತ್ತ ಅವನನ್ನು ಕನಿಕರದಿಂದ ನೋಡಿದಳು. ಪಪ್ಪಾ, ನೋಬಡಿ ಕೇರ್ಸ್ ಎಂದಳು. ಕೆಟ್ಟ ಮನಸ್ಸಿನಿಂದೇನೂ ಅಲ್ಲ.

ಅಂದು ಮಧ್ಯಾಹ್ನ, ಚಾಪೆ ಕುರ್ಚಿಗಳನ್ನೆಲ್ಲ ಕಾರಿನ ಡಿಕ್ಕಿಗೆ ತುಂಬುತ್ತಿದ್ದಾಗ, ಅವನು ಶುಭಾಳಿಗೆ ಎಲ್ಲವನ್ನೂ ಹೇಳಿದ. ಕಚೇರಿಯ ಕೋಣೆ, ಬಗ್ಗಿ ತೋರಿಸಿದ್ದು, ಸಿರಿಲ್‌ನ ಹೆಸರು, ವೀಸಾ. ಹೇಳುತ್ತ ಹೇಳುತ್ತ ತನ್ನ ದನಿ ಒಡೆಯುತ್ತಿದೆ ಎಂದು ಅವನಿಗೇ ಕೇಳಿಸಿತು, ಆ ಒಡಕಿನಲ್ಲಿ ತುಸು ಸುಖವೂ ಇತ್ತು. ಅವಳು ಮಡಿಸುತ್ತಿದ್ದ ಚಾಪೆಯನ್ನು ಬಿಡಲಿಲ್ಲ.

"ಇದನ್ನ ನನ್ನ ಮುಂದ ಹೇಳಿ ಏನ್ ಮಾಡ್ತೀರಿ? ನಾ ಏನ್ ಅವನ ವೀಸಾಕ್ಕ ಸಹಿ ಹಾಕಾಕಿ ಅದೀನೇನು? ಯಾರಿಗೆ ಹೇಳ್ಬೇಕೋ ಅವರಿಗೆ ಹೋಗಿ ಹೇಳ್ರಿ," ಎಂದಳು. ಆಮೇಲೆ ಡಿಕ್ಕಿಯ ಬಾಗಿಲು ಹಾಕಿ, "ನೀವು ಹೇಳಾಕ ಹತ್ತಿದ್ದು ಕೇಳಿದ್ರ ನಿಮಗ ಯಾರೋ ಅನ್ಯಾಯ ಮಾಡ್ಯಾರ ಅನಸ್ತೈತಿ," ಎಂದಳು.

ಹಕೀಂನ ಆಫೀಸು ಅಂಗಡಿಯ ಮೇಲಿನ ಮಾಳಿಗೆಯಲ್ಲಿತ್ತು. ಶನಿವಾರ ರಜೆಯಿತ್ತು, ಹೋದ. ಮೆಟ್ಟಿಲೇರುವಾಗ ಮಾತನ್ನು ಹಿಂದಿಯಲ್ಲಿ ಜೋಡಿಸಿಕೊಳ್ಳುತ್ತಿದ್ದ. ಕನ್ನಡದಲ್ಲಾದರೆ ಹೇಗೋ ಜಾರಿಸಬಹುದಾದದ್ದು ತನಗೆ ಬರುವ ಹಿಂದಿಯಲ್ಲಿ ಬೆತ್ತಲಾಗಿ ನಿಲ್ಲುತ್ತಿತ್ತು. ಬಿಳಿ ಉದ್ದಂಗಿ, ಕಸೂತಿಯ ಟೋಪಿ ತೊಟ್ಟ ಹಕೀಂ ವಯಸ್ಸಾದವನು, ಮಂಡಿನೋವಿನವನು. ಎದ್ದು ನಿಲ್ಲಲು ಕಷ್ಟಪಟ್ಟು, ಆದರೂ ಎದ್ದು ಕೈಕೊಟ್ಟು, ಖರ್ಜೂರದ ತಟ್ಟೆಯನ್ನು ಮುಂದೆ ತಳ್ಳಿ, ಪುಟ್ಟ ಬಟ್ಟಲಿಗೆ ಏಲಕ್ಕಿ ಕಾಫಿ ಸುರಿದ. ಅದನ್ನು ಕುಡಿಯದೆ ವಿಷಯಕ್ಕೆ ಬರುವ ಹಾಗಿರಲಿಲ್ಲ. ಕುಡಿದ. ಆಮೇಲೆ ಹೇಳಿದ: ಆ ಗಿರಾಕಿ ನಾನು, ಸಿರಿಲ್ ನನಗೆ ಹೇಳಿಕೊಟ್ಟಿಲ್ಲ, ಸೈಟು ತೋರಿಸಿಲ್ಲ, ಇಲ್ಲ ಎಂದೇ ಕಳಿಸಿದ್ದ, ಬೇಸರದಲ್ಲಿ ಒಂದು ಮಾತು ಅಂದ, ಅದನ್ನು ನಾನು ತಿರುಚಿ ಅವನ ತಲೆಗೆ ಕಟ್ಟಿದೆ. ಹೇಳಿ ಮುಗಿದಾಗ ಬೆನ್ನಿನ ಮೇಲಿಂದ ಮೂಟೆ ಇಳಿಸಿದಂತಾಯಿತು. ಇಷ್ಟೇ ಇತ್ತಲ್ಲ, ಯಾಕೆ ಇಷ್ಟು ದಿನ ಒದ್ದಾಡಿದೆ ಎಂದುಕೊಂಡ. ಹಕೀಂ ಫೋನೆತ್ತಿ ಸಿರಿಲ್‌ನನ್ನು ಮೇಲೆ ಕರೆದ. ಅವನು ಬಂದು ನಿಂತಾಗ, ಇವನೆದುರು ಇನ್ನೊಮ್ಮೆ ಹೇಳಿ ಎಂದ.

ಇನ್ನೊಮ್ಮೆ ಹೇಳುವುದು ಅಷ್ಟು ಸುಲಭವಾಗಲಿಲ್ಲ. ಸಿರಿಲ್ ಕೈಕಟ್ಟಿ, ನೆಲ ನೋಡುತ್ತ ಕೇಳಿಸಿಕೊಂಡ. ಅವನ ಮುಖದಲ್ಲಿ ನಗು ಇರಲಿಲ್ಲ. ನಗು ಇಲ್ಲದ ಆ ಮುಖವನ್ನು ಶಿವಶರಣ ನೋಡಿದ್ದು ಅದೇ ಮೊದಲು. ಹಕೀಂ ಅವನ ಕಡೆ ತಿರುಗಿ, ಹಾಗಾದರೆ ನೀನು ನನಗೆ, ಅಂಗಡಿಗೆ ಬಂದ ಅಧಿಕಾರಿಗಳಿಗೆ ಹೇಳಿದ್ದು ಏನು ಎಂದು ಮೆಲ್ಲಗೆ ಕೇಳಿದ. ಸಿರಿಲ್ ಕಟ್ಟಿದ ಕೈಗಳನ್ನು ಬಿಡಿಸಿದ. ಶಿವಶರಣನಿಗೆ ಆಗ ತಾನು ಮಾಡಿದ್ದೇನೆಂದು ಮೆಲ್ಲಗೆ, ಕೆಳಗಿನಿಂದ ನೀರು ಏರುವ ಹಾಗೆ, ಹೊಳೆಯತೊಡಗಿತು. ಸಿರಿಲ್ ಹಕೀಂಗಲ್ಲ, ಶಿವಶರಣನಿಗೆ ಹೇಳಿದ, ಯಜಮಾನನಿಗೆ ತಿಳಿಯದ ಕನ್ನಡದಲ್ಲಿ.

"ನಿಮ್ಗೆ ಈಗ ಹಗುರ ಆಯ್ತು ಅಲ್ವಾ ಸರ್. ಗಿರಾಕಿಗೆ ತಪ್ಪು ಹೇಳಿದವ ಅಂತ ಇದ್ದೆ ನಾನು, ಅಷ್ಟಕ್ಕೆ ಬೈದು ಬಿಡ್ತಿದ್ರು ಇವ್ರು. ಈಗ ಸುಳ್ಳು ಹೇಳಿದವ ಆದೆ. ಹುಡುಗಿ ಇದ್ದಾಳೆ ನಿಮ್ಗೆ, ಕೇಸು ಅದು ಇದು ಅಂತ ಆಗುವುದು ಬೇಡ ಅಂತ ಹೇಳಿದ್ದು ನಾನು. ಬರುವ ಮೊದಲು ನನ್ನ ಹತ್ರ ಒಂದು ಮಾತು ಕೇಳ್ಲಿಕ್ಕೆ ಆಗ್ಲಿಲ್ವಾ ನಿಮ್ಗೆ?"

ಕೇಳಬೇಕೆಂದು ಹೊಳೆದೇ ಇರಲಿಲ್ಲ. ಇಡೀ ವಿಷಯದಲ್ಲಿ ಸಿರಿಲ್ ಎಂಬ ಮನುಷ್ಯನೊಡನೆ ಮಾತಾಡಬೇಕೆಂಬುದೇ ಹೊಳೆದಿರಲಿಲ್ಲ. ಅಪರಾಧವೂ ತನ್ನದೇ, ಪರಿಹಾರವೂ ತನ್ನದೇ ಆಗಿತ್ತು. ಏನು ಹೇಳುತ್ತಿದ್ದಾನೆ ಎಂದು ಹಕೀಂ ಕೇಳಿದ. ಸಿರಿಲ್ ಹಿಂದಿಯಲ್ಲಿ, ಏನಿಲ್ಲ ಅರ್ಬಾಬ್, ಊರಿನ ಮಾತು ಎಂದ. ಮುದುಕ ಇಬ್ಬರನ್ನೂ ಸರದಿಯಂತೆ ನೋಡಿದ. ಮಂಡಿ ನೀವಿಕೊಂಡ. ನಾನು ಪಿಸ್ತೂಲು ಬೇಡವೆಂದು ಕಪಾಟು ಖಾಲಿ ಮಾಡಿಸಿದ್ದು ತಲೆನೋವು ಬೇಡವೆಂದು, ನೀವಿಬ್ಬರೂ ಇಲ್ಲದ ಪಿಸ್ತೂಲಿನಿಂದ ಇಷ್ಟು ತಲೆನೋವು ತಂದಿರಿ ಎಂದ. ಒಳ್ಳೆಯ ಉದ್ದೇಶಕ್ಕೇ ಆಗಲಿ, ನನ್ನ ಅಂಗಡಿಯ ಹೆಸರಿನಲ್ಲಿ ಸುಳ್ಳು ಹೇಳಿದವನನ್ನು ಮತ್ತೆ ಅದೇ ಕೌಂಟರಿನಲ್ಲಿ ನಿಲ್ಲಿಸಲಾರೆ. ವೀಸಾಕ್ಕೆ ಸಹಿ ಹಾಕುತ್ತೇನೆ, ಆದರೆ ಬರ್ಕಾದಲ್ಲಿ ನನ್ನ ತಮ್ಮನ ಅಂಗಡಿಯಿದೆ, ಬೋಟಿನವರ ಸಾಮಾನಿನದು, ಇನ್ನು ಅಲ್ಲಿ ಕೆಲಸ ಮಾಡಲಿ ಎಂದ. ಅಧಿಕಾರಿಗಳ ಹತ್ತಿರ ಹೋಗಿ ನಡೆದದ್ದನ್ನು ನೀವೇ ಸರಿಯಾಗಿ ಹೇಳಿ ಬನ್ನಿ ಎಂದು ಶಿವಶರಣನಿಗೆ ಹೇಳಿದ. "ಖಲಾಸ್," ಎಂದು ಕಾಫಿಯ ಬಟ್ಟಲನ್ನು ಮಗುಚಿಟ್ಟ.

ಶಿವಶರಣ ಹೋಗಿ ಹೇಳಿದ. ಅದೇ ಎಳೆಯ ಅಧಿಕಾರಿ ಅದೇ ವಿನಯದಿಂದ ಕೇಳಿ, ಬರೆದುಕೊಂಡು, ಥ್ಯಾಂಕ್ಯೂ ಸರ್ ಎಂದ. ಇಷ್ಟಕ್ಕಾಗಿ ಇಷ್ಟು ದೂರ ಬರಬೇಕಿತ್ತೇ ಎನ್ನುವಂತೆ ಅವನ ಮುಖವಿತ್ತು. ಕಂಪನಿಗೆ ಯಾವ ಫೋನೂ ಹೋಗಲಿಲ್ಲ. ಮನೆಯ ಬಾಗಿಲಲ್ಲಿ ಪೆಟ್ಟಿಗೆಗಳು ಬೀಳುತ್ತಲೇ ಇದ್ದವು. ಪಿಸ್ತೂಲಿನ ಬಗ್ಗೆ ನಕ್ಷತ್ರ ಕೊಡಿ ಎಂದು ಆ ಕಂಪನಿಯೂ ಕೇಳುತ್ತಲೇ ಇತ್ತು. ಚಳಿಗಾಲ ನಡುವಿಗೆ ಬಂತು. ಅವನ ಘಟಕದಿಂದ ಬರ್ಕಾದ ಕಡಲತೀರ ಹತ್ತಿರವೇ, ಆದರೆ ಇಷ್ಟು ವರ್ಷಗಳಲ್ಲಿ ಮೀನಿನ ಮಾರುಕಟ್ಟೆಯ ಆ ರಸ್ತೆಗೆ ಅವನು ಹೋದವನೇ ಅಲ್ಲ. ವಾಸನೆಗೆ ಕಾರಿನ ಗಾಜು ಏರಿಸುವವನು. ಒಂದು ಸಂಜೆ ಗಾಜು ಇಳಿಸಿಕೊಂಡೇ ಆ ರಸ್ತೆಯಲ್ಲಿ ಎರಡು ಸಲ ಹೋಗಿ ಬಂದು, ಮೂರನೆಯ ಸಲ ನಿಲ್ಲಿಸಿದ.

ಹಕೀಂನ ತಮ್ಮನ ಅಂಗಡಿ ಇಕ್ಕಟ್ಟಾಗಿತ್ತು. ಛಾವಣಿಯಿಂದ ಬಲೆಗಳು ಇಳಿಬಿದ್ದಿದ್ದವು, ನೆಲದ ಮೇಲೆ ನೀಲಿ, ಹಸಿರು ಹಗ್ಗದ ಸುರುಳಿಗಳು, ಮೂಲೆಯಲ್ಲಿ ಲಂಗರುಗಳ ರಾಶಿ. ಎಸಿ ಇರಲಿಲ್ಲ, ಫ್ಯಾನೊಂದು ಗೊಣಗುತ್ತ ತಿರುಗುತ್ತಿತ್ತು. ಸಿರಿಲ್ ತೋಳು ಮಡಿಸಿ, ಇಬ್ಬರು ಮೀನುಗಾರರೊಡನೆ ಅರ್ಧ ಅರಬಿ ಅರ್ಧ ಹಿಂದಿಯಲ್ಲಿ ಮಾತಾಡುತ್ತಿದ್ದ. ಶಿವಶರಣನನ್ನು ನೋಡಿ ಮಾತು ನಿಲ್ಲಿಸಲಿಲ್ಲ, ಮುಖ ತಿರುಗಿಸಲೂ ಇಲ್ಲ. ಏನು ಬೇಕು ಸರ್ ಎಂದು ಯಾರಿಗೋ ಕೇಳುವ ಹಾಗೆ ಕೇಳಿದ. ಶಿವಶರಣ ಸುತ್ತ ನೋಡಿ, ಕೈಗೆ ಸಿಕ್ಕ ಗಾಳದ ಪೊಟ್ಟಣವೊಂದನ್ನು ಎತ್ತಿಕೊಂಡ. ಜನ್ಮದಲ್ಲಿ ಮೀನು ಮುಟ್ಟದವನ ಕೈಯಲ್ಲಿ ಅದನ್ನು ಸಿರಿಲ್ ನೋಡಿದ.

"ಹಿಂದೆ ಜನ ಇದ್ದಾರೆ ಸರ್. ಸ್ವಲ್ಪ ಬದಿಗೆ ನಿಲ್ತೀರಾ," ಎಂದ.

ಶಿವಶರಣ ಬದಿಗೆ ನಿಂತ. ಪೊಟ್ಟಣವನ್ನು ಇದ್ದಲ್ಲೇ ಇಟ್ಟ. ಮೀನುಗಾರರು ಸಾಮಾನು ಕಟ್ಟಿಸಿಕೊಂಡು ಹೋದರು, ಇನ್ನೊಬ್ಬ ಬಂದು ಹೋದ. ಹೊರಗೆ ಬೋಟುಗಳನ್ನು ಮರಳಿನ ಮೇಲೆ ಎಳೆಯುವವರ ಕೂಗು ಕೇಳುತ್ತಿತ್ತು. ಅಂಗಡಿ ಖಾಲಿಯಾದ ಮೇಲೆ ಸಿರಿಲ್ ಮತ್ತೆ ಅದೇ ದನಿಯಲ್ಲಿ, ಹೇಳಿ ಸರ್, ಏನು ಬೇಕು ಎಂದ.

"ಏನೂ ಬ್ಯಾಡ್ರೀ," ಎಂದ ಶಿವಶರಣ. "ನಿಮ್ಮನ್ನ ನೋಡಾಕ ಬಂದೆ."

"ನೋಡಿ ಆಯ್ತಲ್ಲ."

ಆಯಿತು ಎಂದು ಶಿವಶರಣ ತಲೆಯಾಡಿಸಿದ. ಆದರೂ ಅಲ್ಲೇ ನಿಂತ. ಸಿರಿಲ್ ಅವನನ್ನು ಅಲ್ಲಿಗೇ ಬಿಟ್ಟು, ಯಾರೋ ಹೇಳಿಹೋಗಿದ್ದ ಹಗ್ಗವನ್ನು ಅಳೆಯಲು ತೊಡಗಿದ. ದೊಡ್ಡ ಸುರುಳಿಯಿಂದ ಎಳೆದೆಳೆದು ಕೌಂಟರಿನ ಅಂಚಿನ ಗುರುತಿಗೆ ಹಿಡಿಯುತ್ತಿದ್ದ, ಅಳೆದದ್ದು ಜಾರಿ ಜಾರಿ ನೆಲಕ್ಕೆ ಬೀಳುತ್ತಿತ್ತು, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದ, ತುಳುವಿನಲ್ಲಿ ಏನೋ ಬೈದುಕೊಳ್ಳುತ್ತಿದ್ದ. ಮೂರನೆಯ ಸಲ ಜಾರಿದಾಗ ಶಿವಶರಣ ಬಗ್ಗಿ ಆ ತುದಿಯನ್ನು ಹಿಡಿದುಕೊಂಡ. ಹಗ್ಗ ಒರಟಾಗಿತ್ತು, ಉಪ್ಪು ಉಪ್ಪಾಗಿತ್ತು. ಬಿಗಿಯಾಗಿರಲೆಂದು ತನ್ನ ಕಡೆಗೆ ಜಗ್ಗಿದ.

ಸಿರಿಲ್ ತಲೆಯೆತ್ತಿದ. ಬೇಡ ಎನ್ನುತ್ತಾನೆಂದು ಶಿವಶರಣ ಕಾದ.

"ಎಳೀಬೇಡಿ ಸರ್," ಎಂದ ಸಿರಿಲ್ ಬೇಸರದಿಂದ. "ಅಳತೆ ತಪ್ತದೆ. ಸುಮ್ಮನೆ ಹಿಡ್ಕೊಂಡ್ರೆ ಸಾಕು."